ಬಿಸಿಯಾದ ಅಕೌಂಟು

ಕತ್ತರಿಯ ತುದಿ ನನ್ನ ಕತ್ತಿಗೆ ಒತ್ತಿತ್ತು.

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅಂಗಿಯ ಕಾಲರನ್ನು ಆಗಲೇ ಸೀಳಿತ್ತು. ಇನ್ನು ಉಳಿದದ್ದು ಚರ್ಮ...

"ಅಲ್ಲಾಡಬೇಡ," ಅಂದಳು ಟೈಲರಮ್ಮ ಹಿಂದಿನಿಂದ. "ನನ್ನ ಕೈ ನಡುಗ್ತಿದೆ. ಅದು ಈಗ ನನ್ನ ಮಾತೂ ಕೇಳಲ್ಲ."

ಅಲ್ಲಾಡಲಿಲ್ಲ.

ನಾನು ಬಿಡಿಸಿಕೊಂಡು ಹೋಗಲು ಬಂದಿದ್ದ ಮನುಷ್ಯ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ. ಕೈಗಳನ್ನು ಹಿಂದಕ್ಕೆ ಎಳೆದು ಬಟ್ಟೆಪಟ್ಟಿಯಿಂದ ಬಿಗಿದಿದ್ದಳು. ಹೊಳೆಯೋ ಕೋಟು ಹೊಲಿಸಲು ಬಂದಿದ್ದನಂತೆ. ಅಳತೆಗೆ ಅಂತ ಕೈ ಅಗಲಿಸಿ ನಿಂತಾಗ ಸಿಕ್ಕಿಬಿದ್ದ.

ಅವನನ್ನು ಎಲ್ಲರೂ ಮೇಷ್ಟ್ರು ಅಂತಾರೆ. ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ. ಫೋನಿನಲ್ಲಿ ಆಡೋ ಸ್ಲಾಟ್ ಗೇಮ್ ಗೊತ್ತಲ್ಲ... ಬಟನ್ ಒತ್ತಿದರೆ ಚಿತ್ರಗಳು ಗಿರ್ರನೆ ಸುತ್ತುತ್ತವೆ, ಒಂದೇ ಥರದವು ಸಾಲಾಗಿ ನಿಂತರೆ ದುಡ್ಡು. ಅದರಲ್ಲಿ ಗೆಲ್ಲುವ ಮೆಥಡ್ ಕಲಿಸುತ್ತಾನೆ. ದಿನಾ ಲೈವ್. ಸೋತರೆ ಬೆಟ್ ದುಪ್ಪಟ್ಟು ಮಾಡು. ಮತ್ತೆ ಸೋತರೆ ಮತ್ತೆ ದುಪ್ಪಟ್ಟು. ಸೋಲು ಸಾಲಾಗಿ ಬಂತೋ, ಗೇಮು ಬಿಸಿಯಾಗ್ತಿದೆ ಅಂತ ಅರ್ಥ... ಆಗ ಎದ್ದು ಹೋಗೋನು ದಡ್ಡ.

ಅವನು ಆಡಿ ತೋರಿಸುವ ಅಕೌಂಟು ಆ ಗೇಮಿನ ಕಂಪನಿಯೇ ಕೊಟ್ಟದ್ದು. ಅದು ಕೊನೆಗೆ ಗೆದ್ದೇ ಗೆಲ್ಲುತ್ತದೆ.

ನಾನು? ಅದೇ ಕಂಪನಿಯವಳು. ಸೋತವರು ಗಲಾಟೆ ಎಬ್ಬಿಸಿದರೆ ಹೋಗಿ ತಣ್ಣಗೆ ಮಾಡುವವಳು. ಬೆದರಿಕೆಯೋ ಕಣ್ಣೀರೋ, ಯಾವುದು ಬೇಕೋ ಅದು. ಆಫೀಸಿನಲ್ಲಿ ಸಮಾಧಾನಕ್ಕ ಅಂತಲೇ ಹೆಸರು.

"ಏನು ಬೇಕಮ್ಮ ನಿಂಗೆ?" ಅಂದೆ.

"ಒಂದೇ ಮಾತು. ಇವನು ಲೈವ್‌ಗೆ ಬಂದು ಮೆಥಡ್ ಸುಳ್ಳು ಅನ್ನಬೇಕು. ನನ್ನ ತಂಗಿಗೆ ಕೇಳಿಸಬೇಕು."

"ನೀನೇ ಹೇಳು ತಂಗಿಗೆ."

"ಹೇಳ್ದೆ. ನಿಂಗೆ ತಾಳ್ಮೆ ಇಲ್ಲ ಅಕ್ಕ, ಅದಕ್ಕೇ ಸೋತೆ ಅಂತಾಳೆ. ಅವಳ ಗಂಡನ ಹಾರ್ಟ್ ಆಪರೇಷನ್‌ಗೆ ಅಂತ ನೆಂಟರೆಲ್ಲ ಕೂಡಿಸಿ ಕೊಟ್ಟಿದ್ದಾರೆ. ಅರ್ಧಕ್ಕೂ ಸಾಲದು. ಮೆಥಡ್ ಪ್ರಕಾರ ಆಡಿ ಪೂರ್ತಿ ಮಾಡ್ತಾಳಂತೆ. ಇವತ್ತೇ. ನಾನು ಒಡಹುಟ್ಟಿದವಳು, ನನ್ನ ಮಾತು ಬೇಡ. ಈ ಮುಖ ನೋಡು... ಇದರ ಮಾತು ಬೇಕು."

ಮೇಷ್ಟ್ರು ಕೆಮ್ಮಿದ. "ಸುಳ್ಳು ಅಂದ್ರೆ ಕಂಪನಿ ಯಜಮಾನ್ರು ನನ್ನ ಬೆರಳು ಉಳಿಸಲ್ಲ. ಅಲ್ಲದೆ ಮೆಥಡ್ ಸರಿಯಾಗೇ ಇದೆ. ನಿಮಗೆ ಆಡೋಕೆ ಬರಲ್ಲ."

ಕತ್ತರಿ ನನ್ನ ಕತ್ತು ಬಿಟ್ಟು ಅವನ ಕಡೆ ತಿರುಗಿತು.

"ಹಾಗಾದ್ರೆ ಆಡು. ನಿನ್ನ ಅಕೌಂಟಲ್ಲಲ್ಲ, ನನ್ನದರಲ್ಲಿ. ನಿನ್ನ ಫೋನಲ್ಲಿ ನಾನು ವೀಡಿಯೊ ಹಿಡೀತೀನಿ. ನೀನು ಸೋಲೋದನ್ನ ತಂಗಿ ಕಣ್ಣಾರೆ ನೋಡ್ಲಿ."

ಜಾಣೆ. ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದ ದಾರಿ ಅವಳಿಗೆ ಹೊಳೆದಿತ್ತು.

"ನೀನು ನಿಮ್ಮ ಯಜಮಾನಂಗೆ ಮೆಸೇಜ್ ಹಾಕು," ಅಂದಳು ನನಗೆ. "ಇಲ್ಲಿಗೆ ಗಂಡಸರನ್ನ ಕಳಿಸಬಾರದು ಅಂತ."

ಹಾಕಿದೆ. ಅವಳ ಫೋನು ಮೇಜಿನ ಮೇಲಿತ್ತು. ಗೇಮಿನ ಅಕೌಂಟ್ ನಂಬರು ಕಾಣುತ್ತಿತ್ತು. ಕೆಳಗೆ ಅದನ್ನೂ ಸೇರಿಸಿದೆ... "ಇದನ್ನ ಬಿಸಿ ಮಾಡಿ."

ನಮ್ಮ ಆಫೀಸಿನಲ್ಲಿ ಬಿಸಿ ಮಾಡುವುದು ಅಂದರೆ ಗೆಲ್ಲಿಸುವುದು.

ಯಾಕೆ ಹಾಗೆ ಮಾಡಿದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕತ್ತರಿಯ ಭಯ ಅಂತ ಹೇಳಿಕೊಳ್ಳಬಹುದು. ಆದರೆ ಆಗ ಕತ್ತರಿ ನನ್ನ ಕಡೆ ಇರಲೇ ಇಲ್ಲ. ಅಭ್ಯಾಸ. ಒಲೆಯ ಮೇಲೆ ಹಾಲು ಉಕ್ಕಿದರೆ ಕೈ ತಾನಾಗಿ ಹೋಗುತ್ತದಲ್ಲ, ಹಾಗೆ ಹೋಯಿತು.

ಮೇಷ್ಟ್ರ ಒಂದು ಕೈ ಬಿಚ್ಚಿದಳು. ಅವನು ಬಟನ್ ಒತ್ತಿದ.

ಸೋಲು.

ದುಪ್ಪಟ್ಟು. ಸೋಲು.

"ನೋಡ್ಕೋ," ಅಂದಳು ಟೈಲರಮ್ಮ. ವೀಡಿಯೊ ಹಿಡಿದಿದ್ದ ಕೈ ಈಗ ನಡುಗುತ್ತಿರಲಿಲ್ಲ. ಅವಳ ಮುಖದಲ್ಲಿ ಗೆಲುವು. ಸೋಲು ನೋಡಿ ಅಷ್ಟು ಹಿಗ್ಗಿದ ಮುಖ ನಾನು ಕಂಡಿರಲಿಲ್ಲ.

ಮತ್ತೆ ದುಪ್ಪಟ್ಟು...

ಫೋನು ಹಾಡತೊಡಗಿತು. ಪರದೆಯ ತುಂಬ ಚಿನ್ನದ ನಾಣ್ಯಗಳು ಸುರಿದವು. ನಿಲ್ಲಲೇ ಇಲ್ಲ.

ಟೈಲರಮ್ಮ ಅಂಕಿ ಓದಿದಳು. ಮತ್ತೊಮ್ಮೆ ಓದಿದಳು. ಕತ್ತರಿಯನ್ನು ಮೇಜಿನ ಮೇಲಿಟ್ಟಳು... ಮಲಗಿದ ಮಗುವನ್ನು ಇಳಿಸುವಷ್ಟು ಮೆಲ್ಲಗೆ.

"ನಾನು ಎರಡನೇ ಸೋಲಿಗೇ ಬಿಟ್ಟುಬಿಡ್ತಿದ್ದೆ," ಅಂದಳು. "ತಾಳ್ಮೆ ಇಲ್ಲ ನಂಗೆ. ಅವಳು ಹೇಳಿದ್ದು ನಿಜ."

ಮೇಷ್ಟ್ರ ಕಟ್ಟು ಬಿಚ್ಚಿದಳು. ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಯ್ಯೋ, ನಿನ್ನ ಕಾಲರು... ಕೂತ್ಕೋ ಅಕ್ಕ, ಹೊಲಿದು ಕೊಡ್ತೀನಿ."

ಬೇಡ ಅಂದರೂ ಬಿಡಲಿಲ್ಲ. ಅದೇ ಕತ್ತು, ಈಗ ಸೂಜಿ. ಹೊಲಿಯುತ್ತಲೇ ಸ್ಪೀಕರ್ ಹಾಕಿ ತಂಗಿಗೆ ಫೋನು ಮಾಡಿದಳು. ಅವಳ ಉಸಿರು ನನ್ನ ಕಿವಿಗೆ ಬೆಚ್ಚಗೆ ತಾಗುತ್ತಿತ್ತು. ಕತ್ತರಿ ಇದ್ದಾಗ ಇದಕ್ಕಿಂತ ಹಾಯಾಗಿದ್ದೆ.

"ನಿಂದೇ ಸರಿ ಕಣೇ. ಮೇಷ್ಟ್ರು ನನ್ನ ಅಕೌಂಟಲ್ಲೇ ಗೆದ್ದು ತೋರಿಸಿದ್ರು. ಇಲ್ಲೊಬ್ರು ಅಕ್ಕನೂ ನೋಡಿದ್ರು, ಬೇಕಾದ್ರೆ ಕೇಳು."

"ಹೌದಾಕ್ಕ? ನೀವು ನೋಡಿದ್ರಾ?" ಸಣ್ಣ ಧ್ವನಿ. ಅದರ ಹಿಂದೆ ಯಾರೋ ಗಂಡಸು ಏದುಸಿರು ಬಿಡುತ್ತಾ ನೀರು ಕೇಳುತ್ತಿದ್ದ.

ಆ ಏದುಸಿರು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಕೇಳಮ್ಮ," ಅಂದೆ. "ನಾನು ಕಂಪನಿಯವಳು. ಈಗ ಗೆದ್ದದ್ದು ಮೆಥಡ್‌ನಿಂದಲ್ಲ. ನಾನೇ ಆಫೀಸಿಗೆ ಮೆಸೇಜ್ ಹಾಕಿ ಗೆಲ್ಲಿಸಿದೆ. ನೆಂಟರು ಕೊಟ್ಟ ದುಡ್ಡು ಆಸ್ಪತ್ರೆಗೆ ಕಟ್ಟು. ಎಷ್ಟಿದೆಯೋ ಅಷ್ಟು."

ಸೂಜಿ ನಿಂತಿತು.

"ಎಲ್ಲಿ, ತೋರಿಸು ಮೆಸೇಜು," ಅಂದಳು ಟೈಲರಮ್ಮ.

ಆಫೀಸಿನ ಮೆಸೇಜು ಓದಿದ ಕೂಡಲೇ ಅಳಿಸಿಹೋಗುತ್ತದೆ. ಖಾಲಿ ಪರದೆ ತೋರಿಸಿದೆ.

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು. ನಿಧಾನವಾಗಿ ನಕ್ಕಳು. "ಕೇಳಿಸ್ಕೊಂಡ್ಯೇನೇ? ನಾವು ಗೆಲ್ಲೋಕೆ ಶುರುಮಾಡಿದ್ರೆ ನಿಲ್ಲಿಸೋಕೆ ಕಂಪನಿಯವರೇ ಬರ್ತಾರೆ ಅಂತ ಮೇಷ್ಟ್ರು ಪಾಠದಲ್ಲೇ ಹೇಳಿದ್ರಲ್ಲ."

"ಅವರಿಗೇ ಭಯ ಹತ್ತಿದೆ ಅಂದ್ರೆ... ಅಕ್ಕ, ನಾನು ಈಗ್ಲೇ ಹಾಕ್ತೀನಿ."

ಫೋನಿಗೆ ಕೈ ಹಾಕಿದೆ. ಸೂಜಿ ಕತ್ತಿನಲ್ಲಿ ಇಳಿಯಿತು. ಟೈಲರಮ್ಮ ನನ್ನನ್ನು ಗೋಡೆಗೆ ನೂಕಿದಳು. ಮೇಷ್ಟ್ರು ರಟ್ಟೆ ಹಿಡಿದು ಬಾಗಿಲಾಚೆ ಎಳೆದ.

"ತಂಗಿ ಮನೆ ಎಲ್ಲಿ? ಅದಾದ್ರೂ ಹೇಳೇ..." ಅಂದೆ.

ಒಳಗಿನಿಂದ ಚಿಲಕ ಬಿತ್ತು.

ಕಾರಿನಲ್ಲಿ ಮೇಷ್ಟ್ರು ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದ. "ಅಕ್ಕ, ನೀವು ಮೆಸೇಜ್ ಹಾಕಿದ್ದು ನಿಜ ಇರ್ಬಹುದು. ಆದ್ರೆ ಅದಕ್ಕೆ ಮೊದಲೇ ಗೇಮು ಬಿಸಿ ಇತ್ತು. ನಂಗೆ ಕೈಯಲ್ಲೇ ಗೊತ್ತಾಗುತ್ತೆ."

ಅವನ ಕಣ್ಣು ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಯಜಮಾನನಿಗೆ ಫೋನು ಮಾಡಿ ದೂರಿದ್ದೂ ಅವನೇ. "ಸಮಾಧಾನಕ್ಕ ಎಲ್ಲಾ ಬಾಯಿಬಿಟ್ರು ಸರ್."

ಯಜಮಾನ ಆ ಕಡೆ ತಂಗಿಯ ಅಕೌಂಟು ಹುಡುಕಿದ. ಕೀಬೋರ್ಡಿನ ಟಕಟಕ.

"ಆ ತಂಗಿ ಪೂರ್ತಿ ದುಡ್ಡು ಹಾಕಿದ್ದಾಳೆ," ಅಂದ ಯಜಮಾನ. "ಮೇಷ್ಟ್ರೇ, ನೀವು ತಿಂಗಳುಗಟ್ಟಲೆ ಪಾಠ ಮಾಡಿದ್ರೂ ಕೈ ಬಿಗಿ ಹಿಡಿದಿದ್ಲು. ಸಮಾಧಾನಕ್ಕ ಒಂದು ಸಲ ನಿಜ ಹೇಳಿದ್ಲು, ಅಷ್ಟೂ ಸುರಿದಳು. ಇನ್ಮೇಲೆ ಎಲ್ಲಾ ಮನೆಗೂ ಅವಳೇ ಹೋಗ್ಲಿ. ನಿಜಾನೇ ಹೇಳ್ಲಿ."

ನೀರು ಕೇಳುತ್ತಿದ್ದ ಆ ಗಂಡಸು ಏನಾದ ಅಂತ ಕೇಳಬೇಡಿ. ನಾನೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ.

ಕೆಲಸ ಬಿಡಲಿಲ್ಲ. ಬಿಟ್ಟರೆ ನಿಜ ಹೇಳುವವರೇ ಇರುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಯಾರಾದರೂ ಒಬ್ಬರು, ಒಂದೇ ಒಂದು ಮನೆಯಲ್ಲಿ, ನಂಬಿಯಾರು ಅಂತ. ಸೋಲು ಸಾಲಾಗಿ ಬರುತ್ತಿದೆ, ಎದ್ದು ಹೋಗಲು ಆಗುತ್ತಿಲ್ಲ... ನನ್ನದೂ ಒಂದು ಮೆಥಡ್.

ಇವತ್ತು ನಿಮ್ಮ ಮನೆ. ಇದ್ದದ್ದು ಇದ್ದಹಾಗೆ ಹೇಳಿದ್ದೇನೆ. ಈಗ ಆ ಫೋನು ಕೆಳಗಿಡಿ, ಅಮ್ಮ.

ನೋಡಿ... ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿರಿ.