ಕಾಡಿಗೆಯ ಮೂವತ್ತಾರು ಸಾಲುಗಳು

ಬೆಳಗಿನ ಒಂಬತ್ತೂವರೆಗೆ ಜಾಕಿ ರೇಸ್ ಕುದುರೆಗಳ ಲಾಯದ ಮೇವಿನ ಉಗ್ರಾಣದ ಬಾಗಿಲಿಗೆ ಬಂದಾಗ ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವಳ ತಮ್ಮ ಮೂಲೆಯಲ್ಲಿ ಲಾಳದ ಮೊಳೆಗಳನ್ನು ವಿಂಗಡಿಸುತ್ತಿದ್ದ. ಜಾಕಿ ಹತ್ತು ವರ್ಷ ರೇಸ್ ಕುದುರೆ ಓಡಿಸಿದವಳು, ಬಿದ್ದು ಭುಜದ ಮೂಳೆ ಮುರಿದಾಗಲೂ ಕಣ್ಣೀರು ಹಾಕದವಳು, ಅವತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಕ್ಕಾ, ನನ್ನ ಲೈಸೆನ್ಸ್ ಹೋಗತ್ತೆ," ಎಂದಳು. "ಇವತ್ತು ನಾಲ್ಕು ಗಂಟೆಗೆ ರೇಸ್ ಮಂಡಳಿ ಮುಂದೆ ನಿಲ್ಬೇಕು. ಕಾಡಿಗೆನ ಬೇಕಂತಲೇ ಲಗಾಮು ಎಳೆದು ನಿಧಾನ ಓಡಿಸ್ತಿದೀನಂತೆ."

ಕಾಡಿಗೆ ಎಂದರೆ ಆ ಲಾಯದ ಕಪ್ಪು ಹೆಣ್ಣು ಕುದುರೆ. ಮುಂದಿನ ತಿಂಗಳ ದೊಡ್ಡ ಓಟಕ್ಕೆ ಲಾಯದಿಂದ ಒಂದೇ ಕುದುರೆಗೆ ಜಾಗ, ಅದು ಕಾಡಿಗೆಯದೇ ಎಂದು ಎಲ್ಲರೂ ನಂಬಿದ್ದರು. ಮೂರು ದಿನದ ಹಿಂದೆ ಟ್ರೇನರ್ ತಿಂಗಳ ಕೊನೆಯ ಲೆಕ್ಕ ನೋಡಲು ಆಫೀಸಿನ ಸ್ಪ್ರೆಡ್‌ಶೀಟ್ ತೆರೆದರೆ, ಆರು ವಾರದಿಂದ ಕಾಡಿಗೆಯ ಓಟದ ಗೆರೆ ಒಂದು ಸೆಕೆಂಡಿಗೂ ಹೆಚ್ಚು ಕುಸಿದಿತ್ತು. ಕುದುರೆಗೆ ಕಾಯಿಲೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಉಳಿದದ್ದು ಬೆನ್ನ ಮೇಲೆ ಕೂತವಳು. ಟ್ರೇನರ್ ಮಂಡಳಿಗೆ ದೂರು ಬರೆದುಬಿಟ್ಟಿದ್ದ.

"ನೀನು ಎಳೆದ್ಯಾ?" ಅಕ್ಕ ಕೇಳಿದಳು.

"ಇಲ್ಲ ಅಕ್ಕಾ. ಅದು ಇಷ್ಟು ಚೆನ್ನಾಗಿ ಯಾವತ್ತೂ ಓಡಿರ್ಲಿಲ್ಲ."

"ಸರಿ, ಕೂತ್ಕೋ. ಮೊದ್ಲು ನೀರು ಕುಡಿ."

ಅಕ್ಕನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಉಗ್ರಾಣದ ಮೇಲಿನ ಎರಡು ಕೋಣೆಯಲ್ಲಿ ಅವಳ ಸಂಸಾರ, ಕೆಳಗೆ ಮೂವತ್ತೊಂದು ಕುದುರೆಗಳ ಮೇವಿನ ಉಸ್ತುವಾರಿ. ಲಾಯದಲ್ಲಿ ಏನೇ ಕಾಣೆಯಾದರೂ, ಯಾರೇ ಸುಳ್ಳು ಹೇಳಿದರೂ ಜನ ಮೊದಲು ಬರುವುದು ಅವಳ ಹತ್ತಿರ. ರೇಸಿನಲ್ಲಿ ಗೆದ್ದ ಬೆಳ್ಳಿ ಕಪ್ ಮಾಯವಾದಾಗ ಅದನ್ನು ತೌಡಿನ ಪೀಪಾಯಿಯಿಂದ ತೆಗೆದುಕೊಟ್ಟವಳೂ ಅವಳೇ. ತಮ್ಮನಿಗೆ ಅಕ್ಕನೆಂದರೆ ಬಹಳ ಹೆಮ್ಮೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಅವನಿಗಿರಲಿಲ್ಲ. ಕುದುರೆಯ ಕಾಲು ಹಿಡಿದು ಲಾಳ ಹೊಡೆಯುವಾಗಲೂ ಅವಳದೇ ಕತೆ, ಕುದುರೆಗೆ ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ.

ಹೋದ ವಾರವಷ್ಟೇ ಅಕ್ಕ ತನ್ನ ಕಂಪ್ಯೂಟರಿಗೆ ಸ್ಪ್ರೆಡ್‌ಶೀಟಿನ ಹೊಸ ಆವೃತ್ತಿ ಹಾಕಿಸಿದ್ದಳು. ಆಫೀಸಿನ ಹಳೆಯದು ಒಂದು ವರ್ಷದ ಹಾಳೆ ತೆರೆಯುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಹೊಸದು ಎಂಟು ವರ್ಷದ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ ಕಣ್ಣು ಮಿಟುಕಿಸುವುದರೊಳಗೆ ಬೇಕಾದಂತೆ ಜೋಡಿಸಿ ಕೊಡುತ್ತಿತ್ತು. ಯಾವ ಮೇವು ತಿಂದಾಗ ಯಾವ ಕುದುರೆ ಚೆನ್ನಾಗಿ ಓಡಿತು ಎಂದು ತಿಳಿಯುವ ಆಸೆ ಅವಳದು. ಹಾಗಾಗಿ ಆಫೀಸಿನ ಹಳೆಯ ವರ್ಷಗಳ ಫೈಲುಗಳ ಪ್ರತಿ ಆಗಲೇ ಅವಳ ಬಳಿ ಇತ್ತು, ಈ ವರ್ಷದ ಹಾಳೆಯನ್ನು ಮಾತ್ರ ಅವತ್ತು ತರಿಸಿಕೊಂಡಳು.

"ಆಫೀಸಿನ ಬೀಗದ ಕೈ ಯಾರ್ಯಾರ ಹತ್ರ ಇದೆ?" ಎಂದಳು.

"ಮೂರು ಜನ," ತಮ್ಮ ಹೇಳಿದ. "ಟ್ರೇನರ್, ಅವರ ಅಳಿಯ, ಮತ್ತೆ ಗುಮಾಸ್ತೆ. ಅಳಿಯ ಬಂದು ಇನ್ನೂ ಎರಡು ವರ್ಷ. ಉಳಿದವರಿಬ್ರೂ ಇಲ್ಲೇ ತಲೆ ನರೆಸ್ಕೊಂಡವರು."

"ನೀನು ಹೋಗಿ ಅಜ್ಜನ್ನ ಮಾತಾಡಿಸ್ಕೊಂಡು ಬಾ. ಬರೋವಾಗ ಕಾಡಿಗೆಯ ಹಳೇ ಲಾಳ ತಗೊಂಡು ಬಾ."

ಅಜ್ಜ ಎಂದರೆ ಲಾಯದ ಗಡಿಯಾರದಜ್ಜ. ನಲವತ್ತು ವರ್ಷದಿಂದ ಓಟದ ಬಯಲಿನ ಕಟಕಟೆಯ ಪಕ್ಕ ನಿಂತು ಕುದುರೆಗಳ ಬೆಳಗಿನ ಓಟಕ್ಕೆ ಸ್ಟಾಪ್‌ವಾಚ್ ಒತ್ತುವವನು. ತಮ್ಮ ಹೋದಾಗ ಅವನು ಖಾಲಿ ಓಟದ ಬಯಲನ್ನು ನೋಡುತ್ತಾ ಬೆಂಚಿನ ಮೇಲೆ ಕೂತಿದ್ದ. ಮಡಿಲಲ್ಲಿ ಹಳೆಯ ಮುಳ್ಳಿನ ವಾಚು. ಪ್ರತಿ ಸೆಕೆಂಡಿನ ನಡುವೆ ಸಣ್ಣ ಗೆರೆಗಳು, ಒಂದು ಸೆಕೆಂಡು ದಾಟಲು ಮುಳ್ಳು ಐದು ಹೆಜ್ಜೆ ಹಾಕಬೇಕು.

"ಚೀಟಿ ಬರೆದು ಆಫೀಸಿನ ಮೊಳೆಗೆ ಚುಚ್ತೀನಿ, ಗುಮಾಸ್ತೆ ಕಂಪ್ಯೂಟರಿಗೆ ಹಾಕಿ ಹರಿದು ಬಿಸಾಕ್ತಾಳೆ," ಎಂದ ಅಜ್ಜ. "ಆ ಪರದೆ ನಾನು ನೋಡಿದವನಲ್ಲ."

"ಕಾಡಿಗೆ ನಿಧಾನ ಆಗಿತ್ತಾ ಅಜ್ಜಾ?"

ಅಜ್ಜ ವಾಚನ್ನು ಅಂಗೈಯಲ್ಲಿ ತಿರುಗಿಸಿದ. "ನನಗೆ ಹಾಗನ್ನಿಸ್ಲಿಲ್ಲಪ್ಪ. ಆದ್ರೆ ಕಂಪ್ಯೂಟರ್ ಹೇಳ್ತಿದೆಯಂತಲ್ಲ. ನನ್ನ ಕಣ್ಣೇ ಮಂಜಾಗಿರ್ಬೇಕು. ಬಾಯಿ ಬಿಟ್ರೆ ಮನೆಗೆ ಹೋಗು ಅಂತಾರೆ."

ಜಾಕಿಯ ಪರವಾಗಿ ಸಾಕ್ಷಿ ಹೇಳಬಲ್ಲ ಒಬ್ಬನೇ ಮನುಷ್ಯ ತನ್ನ ಕಣ್ಣನ್ನೇ ನಂಬದೆ ಕೂತಿದ್ದ.

ಅವನು ಲಾಳದೊಂದಿಗೆ ಉಗ್ರಾಣಕ್ಕೆ ಮರಳಿದಾಗ ಅಲ್ಲಿ ಅಳಿಯ ನಿಂತಿದ್ದ. ಇಸ್ತ್ರಿ ಹಾಕಿದ ಅಂಗಿ, ಮಣಿಕಟ್ಟಿನಲ್ಲಿ ಅಂಕಿಗಳು ಓಡುವ ದೊಡ್ಡ ಡಿಜಿಟಲ್ ವಾಚು.

"ನಿಮ್ಮ ಹೊಸ ಸಾಫ್ಟ್‌ವೇರ್ ಅಂಕಿಗಳನ್ನ ಕಲಸುಮೇಲೋಗರ ಮಾಡಿರತ್ತೆ," ಎನ್ನುತ್ತಿದ್ದ. "ಮಂಡಳಿಗೆ ಅದನ್ನೆಲ್ಲ ತೋರಿಸ್ಬೇಡಿ, ನಗ್ತಾರೆ."

"ಆಗಿರಬಹುದಪ್ಪ, ನಾನೇನು ಓದಿದವಳೇ," ಎಂದಳು ಅಕ್ಕ, ಬಹಳ ನಯವಾಗಿ. ಅಕ್ಕ ಅಷ್ಟು ನಯವಾಗಿ ಮಾತಾಡಿದರೆ ಯಾರದೋ ಗ್ರಹಚಾರ ಕೆಟ್ಟಿದೆ ಎಂದು ತಮ್ಮನಿಗೆ ಗೊತ್ತಿತ್ತು.

ಮೂರು ಗಂಟೆಗೆ ಅಕ್ಕ ಎಲ್ಲರನ್ನೂ ಉಗ್ರಾಣಕ್ಕೆ ಕರೆಸಿದಳು. ಟ್ರೇನರ್ ಗಂಟುಮುಖ ಹಾಕಿಕೊಂಡು ಓಟ್ಸ್ ಮೂಟೆಯ ಮೇಲೆ ಕೂತ. ಗುಮಾಸ್ತೆ, ಅಳಿಯ, ಅಜ್ಜ, ಜಾಕಿ ಸಿಕ್ಕಲ್ಲಿ ನಿಂತರು. ತಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಮೊದ್ಲು ಒಂದು ಸಣ್ಣ ಪರೀಕ್ಷೆ," ಎಂದು ಅಕ್ಕ ಬೀಗದ ಕೈ ಇದ್ದ ಮೂವರಿಗೂ ಒಂದೊಂದು ಚೀಟಿ ಕೊಟ್ಟಳು. "ನಮ್ಮ ಹಾಳೆಲಿ ಒಂದು ಕುದುರೆ ಎಪ್ಪತ್ತೆರಡು ಪಾಯಿಂಟ್ ಮೂರು, ಇನ್ನೊಂದು ಸರಿಯಾಗಿ ಎಪ್ಪತ್ತಮೂರು. ಮಧ್ಯೆ ಎಷ್ಟು ಅಂತರ? ಒಬ್ಬರದನ್ನ ಒಬ್ಬರು ನೋಡದೆ ಬರೀರಿ."

"ಇದೇನು ಮಕ್ಕಳಾಟ," ಎಂದು ಗೊಣಗುತ್ತಲೇ ಟ್ರೇನರ್ ಬರೆದ. ಅಕ್ಕ ಚೀಟಿಗಳನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ಕಂಪ್ಯೂಟರನ್ನು ಎಲ್ಲರ ಕಡೆ ತಿರುಗಿಸಿದಳು.

"ಎಂಟು ವರ್ಷದಲ್ಲಿ ಮೂವತ್ತೊಂದು ಕುದುರೆಗಳ ಓಟ ಇಲ್ಲಿದೆ, ನಲವತ್ತು ಸಾವಿರ ಸಾಲು. ಪ್ರತಿ ಓಟದ ಕೊನೇ ಅಂಕಿ ಮಾತ್ರ ಬೇರೆ ಮಾಡಿ ಎಣಿಸು ಅಂದೆ. ಹೆಚ್ಚುಕಮ್ಮಿ ಎಲ್ಲಾ ಸೊನ್ನೆಯಿಂದ ನಾಲ್ಕರೊಳಗೆ. ಅಜ್ಜನ ವಾಚಲ್ಲಿ ಸೆಕೆಂಡಿಗೆ ಐದೇ ಹೆಜ್ಜೆ. ಪಾಯಿಂಟ್ ಆದ್ಮೇಲೆ ಅಜ್ಜ ಬರೆಯೋದು ಎಷ್ಟು ಹೆಜ್ಜೆ ಅಂತ. ನಾಲ್ಕು ದಾಟಿದ್ರೆ ಸೆಕೆಂಡೇ ಬದಲಾಯ್ತಲ್ಲ. ಐದು ಬರೋಕೆ ಸಾಧ್ಯವೇ ಇಲ್ಲ."

ಗುಮಾಸ್ತೆ ಹೌದೆಂದು ತಲೆಯಾಡಿಸಿದಳು.

"ಆದ್ರೆ ಮೂವತ್ತಾರು ಸಾಲಲ್ಲಿ ಐದರಿಂದ ಒಂಬತ್ತರವರೆಗೆ ಬಂದಿದೆ. ಮೂವತ್ತಾರೂ ಕಾಡಿಗೆದೇ, ಕಳೆದ ಆರು ವಾರದ್ದೇ. ಗೆರೆ ಇಳಿದದ್ದು ನೋಡಿದ್ರಿ, ಕೊನೇ ಅಂಕಿ ಯಾರೂ ನೋಡ್ಲಿಲ್ಲ. ಸಾಫ್ಟ್‌ವೇರ್ ಕೆಡಿಸಿದ್ರೆ ಎಲ್ಲಾ ಕುದುರೆಗಳದೂ ಕೆಡ್ಬೇಕಿತ್ತು. ಒಂದು ಕುದುರೆ ಮೇಲೆ ಮಾತ್ರ ಅದಕ್ಕೇನು ಹಗೆ?"

ತಮ್ಮ ಕಿಸಕ್ಕನೆ ನಕ್ಕ. ಅಕ್ಕ ಮುಂದುವರಿಸಿದಳು. "ಗುಮಾಸ್ತೆ ದಿನಾ ಸರಿಯಾಗೇ ಹಾಕಿದಾಳೆ. ಆಮೇಲೆ ಯಾರೋ ಒಂದೇ ಏಟಿಗೆ ಮೂವತ್ತಾರಕ್ಕೂ ಒಂದೂವರೆ ಸೆಕೆಂಡು ಕೂಡಿಸಿದಾರೆ. ಎಪ್ಪತ್ತೊಂದು ಪಾಯಿಂಟ್ ನಾಲ್ಕಕ್ಕೆ ಒಂದು ಪಾಯಿಂಟ್ ಐದು ಸೇರಿಸಿ, ಏನು ಬರತ್ತೆ? ಎಪ್ಪತ್ತೆರಡು ಪಾಯಿಂಟ್ ಒಂಬತ್ತು. ಈಗ ವಾಪಸ್ ಕಳೀತೀನಿ, ನೋಡಿ."

ಕೀಲಿ ಒತ್ತಿದಳು. ಮೂವತ್ತಾರು ಕೊನೆಯ ಅಂಕಿಗಳೂ ನಾಲ್ಕರೊಳಗೆ ಬಂದು ಕೂತವು. ಜಾಕಿ ಪರದೆಯ ಹತ್ತಿರ ಬಾಗಿದಳು. ಕಾಡಿಗೆಯ ಗೆರೆ ವಾರದಿಂದ ವಾರಕ್ಕೆ ಚುರುಕಾಗುತ್ತಾ ಹೋಗಿ, ಎಂಟು ವರ್ಷದಲ್ಲಿ ಆ ಲಾಯದ ಯಾವ ಕುದುರೆಯೂ ಮುಟ್ಟದ ವೇಗ ಮುಟ್ಟಿತ್ತು.

"ನನ್ನದೂ ಒಂದು ಸಾಕ್ಷಿ," ಎಂದು ತಮ್ಮ ಲಾಳವನ್ನು ಟ್ರೇನರಿನ ಕೈಗಿತ್ತ. "ಕಾಡಿಗೆದು, ಹೊಡೆದ ಹದಿನೆಂಟೇ ದಿನಕ್ಕೆ ತೆಗೆದದ್ದು. ಮುಂದಿನ ಅಂಚು ನೋಡಿ, ಹೇಗೆ ಸವೆದಿದೆ. ಲಗಾಮು ಎಳೆದು ಓಡಿಸಿದ ಕುದುರೆ ಲಾಳ ಹೀಗೆ ಸವೆಯಲ್ಲ."

ಟ್ರೇನರ್ ಲಾಳದ ಮೇಲೆ ಹೆಬ್ಬೆರಳಾಡಿಸಿದ. "ಯಾರು ಮಾಡಿದ್ದು?" ಎಂದ, ತಗ್ಗಿದ ದನಿಯಲ್ಲಿ.

"ಪಾಯಿಂಟ್ ಐದು ಅಂದ್ರೆ ಅರ್ಧ ಸೆಕೆಂಡು ಅಂದ್ಕೊಂಡವರು. ಅಜ್ಜನ ಲೆಕ್ಕ ಬಲ್ಲವರು ಅಲ್ಲಿ ಐದು ಅಂತ ಬರೆಯೋದೇ ಇಲ್ಲ." ಅಕ್ಕ ಸೆರಗಿನ ಗಂಟು ಬಿಚ್ಚಿದಳು. "ಟ್ರೇನರ್ ಚೀಟಿ, 'ಎರಡು ಹೆಜ್ಜೆ'. ಗುಮಾಸ್ತೆದೂ 'ಎರಡು ಹೆಜ್ಜೆ'." ಮೂರನೆಯದನ್ನು ಅವಳು ಓದಲಿಲ್ಲ, ಟ್ರೇನರಿನ ಕೈಗೆ ಕೊಟ್ಟಳು. ಅದರಲ್ಲಿ 'ಪಾಯಿಂಟ್ ಏಳು' ಎಂದಿತ್ತು.

ಅಳಿಯ ಮಣಿಕಟ್ಟಿನ ವಾಚನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. "ಮಾವ, ನಾನು ಪಳಗಿಸಿದ ಕುದುರೆನೂ ಒಂದ್ಸಲ ದೊಡ್ಡ ಓಟದಲ್ಲಿ ನಿಲ್ಲಲಿ ಅಂತ ಅಷ್ಟೇ," ಎಂದ. "ಕಾಡಿಗೆ ಹಿಂದೆ ಸರಿದ್ರೆ ಸಾಕಿತ್ತು. ಇವಳ ಲೈಸೆನ್ಸಿಗೇ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ಬಂದ ಮೇಲೂ ಮೂರು ದಿನ ಸುಮ್ನೆ ಇದ್ಯಲ್ಲ," ಎಂದಳು ಜಾಕಿ.

ಟ್ರೇನರ್ ಎದ್ದು ಮೊದಲು ಜಾಕಿಯ ಮುಂದೆ ನಿಂತ. "ನಾನು ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು ತಾಯಿ. ಕೇಳ್ಲಿಲ್ಲ. ತಪ್ಪಾಯ್ತು." ಆಮೇಲೆ ಅಳಿಯನ ಕಡೆ ತಿರುಗಿದ. "ನಾಲ್ಕು ಗಂಟೆಗೆ ಮಂಡಳಿ ಮುಂದೆ ನಿಲ್ಲೋದು ನೀನು. ನಿನ್ನ ಬಾಯಲ್ಲೇ ಎಲ್ಲ ಹೇಳ್ಬೇಕು, ಪಕ್ಕದಲ್ಲಿ ನಾನಿರ್ತೀನಿ. ಅವರು ಏನು ಶಿಕ್ಷೆ ಕೊಡ್ತಾರೋ ಕೊಡಲಿ. ಅದು ಮುಗಿದ ಮೇಲೆ ಒಂದು ವರ್ಷ ಅಜ್ಜನ ಪಕ್ಕ ನಿಂತು ಮುಳ್ಳಿನ ವಾಚು ಒತ್ತು."

ಮಂಡಳಿ ಜಾಕಿಯ ಮೇಲಿನ ದೂರನ್ನು ಅಂದೇ ಕೈಬಿಟ್ಟಿತು.

ಮರುದಿನ ಬೆಳಗ್ಗೆ ಕಾಡಿಗೆ ಬಯಲಿಗಿಳಿದಾಗ ಲಾಯದ ಮಂದಿಯೆಲ್ಲ ಕಟಕಟೆಗೆ ಬಂದಿದ್ದರು. ಅಕ್ಕ ಕೂಡ ಉಗ್ರಾಣಕ್ಕೆ ಬೀಗ ಹಾಕಿ ಬಂದಳು. ತಮ್ಮನಾದರೋ ಪಕ್ಕದವರಿಗೆಲ್ಲ ನಲವತ್ತು ಸಾವಿರ ಸಾಲಿನ ಕತೆಯನ್ನು ಎರಡನೆಯ ಬಾರಿ ಹೇಳುತ್ತಿದ್ದ. "ಸಾಕು ಸುಮ್ನಿರೋ," ಎಂದು ಅಕ್ಕ ಗದರಿದಳು. ಆದರೆ ಅವಳ ಮುಖ ಬೇರೆಯೇ ಹೇಳುತ್ತಿತ್ತು.

ಕಪ್ಪು ಕುದುರೆ ಗುರಿಯ ಕಂಬ ದಾಟಿತು. ಅಜ್ಜ ವಾಚು ಒತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ನಲವತ್ತು ವರ್ಷ ಮಾತಿಲ್ಲದೆ ಚೀಟಿ ಬರೆದು ಮೊಳೆಗೆ ಚುಚ್ಚಿದವನು ಅವತ್ತು ಪೆನ್ಸಿಲ್ಲನ್ನು ಕಿವಿಯ ಹಿಂದೆಯೇ ಬಿಟ್ಟ. ಬೆನ್ನು ನೆಟ್ಟಗೆ ಮಾಡಿ, ಕಟಕಟೆಯ ಆ ತುದಿಗೂ ಕೇಳಿಸುವಂತೆ, "ಎಪ್ಪತ್ತು ಪಾಯಿಂಟ್ ನಾಲ್ಕು," ಎಂದು ಕೂಗಿ ಹೇಳಿದ.

ಪರೀಕ್ಷಿಸಿ ನೋಡಲು ಯಾರೂ ವಾಚನ್ನು ಕೇಳಲಿಲ್ಲ.