ಕುರೊದಾ ತಾತ ಹೆಣ್ಣು ಕೇಳಲು ಬಂದ ಭಾನುವಾರ

"ಏಯ್, ಅದನ್ನ ಯಾಕೆ ಬಿಚ್ತೀಯ!"

ಒತೀಲಿಯಾ ಕೂಗಿದಳು. ಅವಳು ಕಾಗದ ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸಿದ್ದ ದೊಣ್ಣೆಮೆಣಸಿನಕಾಯಿಗಳನ್ನು ಆ ಜಪಾನಿ ಯುವಕ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದ.

"ತೊಟ್ಟು ಮುರಿದಿದೆ. ಹಡಗಲ್ಲೇ ಕೊಳೆಯುತ್ತೆ."

"ಚೀನದವನೇ, ನೀನು ಬರೋಕೆ ಮುಂಚೆ ಈ ದ್ವೀಪದಲ್ಲಿ ಯಾರೂ ಪೆಟ್ಟಿಗೆ ಕಟ್ಟಿರಲಿಲ್ವಾ?"

"ಕಟ್ಟಿದ್ರಿ. ಆದ್ರೆ ನಾನು ಚೀನದವನಲ್ಲ. ನನ್ನ ಹೆಸರು ತೊಕುಜಿ."

ಪೆಟ್ಟಿಗೆ ಕಟ್ಟುವ ಕೊಟ್ಟಿಗೆಯ ಹೆಂಗಸರೆಲ್ಲ ನಕ್ಕರು. ಒತೀಲಿಯಾಳ ಕಿವಿ ಕೆಂಪಾಯಿತು.

ಅದಕ್ಕೂ ಮೊದಲು ಪೈನ್ ದ್ವೀಪದಲ್ಲಿ ನಗು ಅಪರೂಪವಾಗಿತ್ತು. ಚಂಡಮಾರುತ ಬಂದ ವರ್ಷ ಕಿತ್ತಳೆ ತೋಟಗಳು ಬುಡಸಹಿತ ಮಲಗಿದವು. ಅಮೆರಿಕದ ಧಣಿಗಳು ನೆಲ ಮಾರಿ ಹೋದರು. ಕೆಲಸವಿಲ್ಲದ ಜನ ಹವಾನಾದ ದೋಣಿ ಹತ್ತಿದರು. ಒತೀಲಿಯಾಳ ತಂದೆಯನ್ನು ಮಣ್ಣು ಮಾಡಿದ್ದೂ ಆಗಲೇ.

ಆ ಪಾಳು ನೆಲವನ್ನು ಕೊಂಡವರು ಜಪಾನಿನಿಂದ ಬಂದ ಕೆಲವೇ ಕುಟುಂಬಗಳು. ಉತ್ತರಕ್ಕೆ, ಅಮೆರಿಕದ ಊರುಗಳಲ್ಲಿ ಹಿಮ ಬೀಳುವಾಗ ಇಲ್ಲಿಂದ ಮೆಣಸಿನಕಾಯಿ, ಸೌತೆಕಾಯಿ ಹಡಗು ಹತ್ತತೊಡಗಿದವು. ಹೋದ ಹೆಂಗಸರು ಪೆಟ್ಟಿಗೆ ಕಟ್ಟಲು ಮರಳಿ ಬಂದರು. ಮುಚ್ಚಿದ್ದ ರೊಟ್ಟಿಯಂಗಡಿ ಬಾಗಿಲು ತೆರೆಯಿತು. ದೇವರು ಕಿತ್ತುಕೊಂಡ ಕೈಯಿಂದಲೇ ಕೊಡುತ್ತಾನೆ ಎಂದು ಅವಳ ತಾಯಿ ಕಾಂದಿದಾ ಹೇಳುತ್ತಿದ್ದಳು. ಕಿತ್ತುಕೊಂಡದ್ದನ್ನೇ ಕೊಡುವುದಿಲ್ಲ, ಅಷ್ಟೆ.

ಎರಡು ಚಳಿಗಾಲ ಕಳೆದವು. ಜಗಳ ಮಾತಾಯಿತು, ಮಾತು ಅಭ್ಯಾಸವಾಯಿತು. ತೊಕುಜಿ ಬಾರದ ದಿನ ಕೊಟ್ಟಿಗೆ ಖಾಲಿ ಎನಿಸುತ್ತಿತ್ತು.

'ಇವನು ಯಾವಾಗ ಬಾಯಿ ಬಿಡುತ್ತಾನೆ...?' ಒತೀಲಿಯಾ ಕಾದಳು.

ಒಂದು ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿಸಿ ತಾಯಿ ಮಗಳು ಮನೆಗೆ ಬಂದ ಮೇಲೆ, ಜಪಾನಿಯರ ಹಿರಿಯ ಕುರೊದಾ ಬಿಳಿ ಸೂಟು ತೊಟ್ಟು ಬಂದ. ತೊಕುಜಿ ಇರುತ್ತಿದ್ದುದು ಅವನ ಮನೆಯಲ್ಲೇ. ಹಣ್ಣಿನ ಬುಟ್ಟಿ ಹೊತ್ತು ತಂದವನು ತೊಕುಜಿ. ಗೇಟಿನ ಬಳಿ ಅದನ್ನು ಇಳಿಸಿ, ತಲೆಯೆತ್ತದೆ ಹಿಂದಿರುಗಿದ.

ಕುರೊದಾ ಬಹಳ ಹೊತ್ತು ಮಳೆ ಬೆಳೆ ಎಂದ. ಕೊನೆಗೆ ತಲೆ ಬಾಗಿಸಿದ.

"ಅಮ್ಮಾ, ನಮ್ಮ ಮನೆಗೆ ಹೆಣ್ಣಿನ ದಿಕ್ಕಿಲ್ಲ. ಬಾವಿ ಇದೆ, ಭೂಮಿ ಇದೆ. ನಿಮ್ಮ ಮಗಳನ್ನ ಕೊಡಿ."

ಕಾಂದಿದಾ ಬೀಸಣಿಗೆ ಕೆಳಗಿಟ್ಟಳು. ಆ ಊರಿನಲ್ಲಿ ಹೆಣ್ಣು ಕೇಳಲು ಬರುವವನು ಮದುವೆಯಾಗುವವನೇ.

ಒತೀಲಿಯಾ ಥಟ್ಟನೆ ಎದ್ದು ನಿಂತಳು. ಈ ಮುದುಕನಿಗೆ ನಾನಾ? ಅದಕ್ಕೆ ಬುಟ್ಟಿ ಹೊತ್ತವನು ತೊಕುಜಿಯಾ!

"ಆಗಲ್ಲ. ಸತ್ತರೂ ಆಗಲ್ಲ!" ಎಂದು ಒಳಗೆ ಹೋದಳು.

ಮರುದಿನದಿಂದ ತೊಕುಜಿ ಅವಳ ಬೆಂಚಿನತ್ತ ಬರಲಿಲ್ಲ. ಅವಳೂ ನೋಡಲಿಲ್ಲ. ವಾರದ ಕೊನೆಗೆ ಪಕ್ಕದ ಹೆಂಗಸು ಹೇಳಿದಳು:

"ನಿನ್ನ ಚೀನದವನು ಸಕ್ಕರೆ ಕಾರ್ಖಾನೆಗೆ ಹೋಗ್ತಾನಂತೆ. ಇವತ್ತಿನ ದೋಣಿಗೇ."

ಒತೀಲಿಯಾ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಬಿಟ್ಟು ಎದ್ದಳು. ಹೋಗುವವನಿಗೆ ಎರಡು ಮಾತು ಹೇಳದೆ ಬಿಡಬಾರದು! ಆ ಮುದುಕನಿಗೆ ನಾಲ್ಕು!

ಕುರೊದಾ ತನ್ನ ಮನೆಯ ಅಂಗಳದಲ್ಲಿ ಸೌತೆ ಬೀಜ ಒಣಗಿಸುತ್ತಿದ್ದ.

"ತಾತ, ಈ ವಯಸ್ಸಲ್ಲಿ ನಿಮಗೆ ನಾಚಿಕೆ ಆಗಲ್ವಾ? ನಿಮ್ಮ ಮೊಮ್ಮಗಳ ವಯಸ್ಸು ನನಗೆ! ನನ್ನನ್ನ ಮದುವೆ ಆಗ್ತೀರಾ?"

ಮುದುಕನ ಕೈಯಿಂದ ಮೊರ ಜಾರಿತು.

"ನಾನಾ? ಅಯ್ಯಯ್ಯೋ! ನನಗೆ ಹೆಂಡತಿ ಇದ್ದಾಳಮ್ಮ ಹಿರೋಶಿಮಾದಲ್ಲಿ! ಈ ಮಾತು ಕೇಳಿದ್ರೆ ಸಮುದ್ರ ಈಜಿ ಬಂದು ಹೊಡೀತಾಳೆ! ನಾನು ಕೇಳಿದ್ದು ತೊಕುಜಿಗೆ!"

ಬಾಗಿಲಲ್ಲಿ ಗಂಟುಮೂಟೆ ಹಿಡಿದ ತೊಕುಜಿ ಕಾಣಿಸಿದ.

"ಬೇಡ ಅಂದದ್ದು... ನನ್ನನ್ನಲ್ವಾ?"

"ನೀನು ಕೇಳಿದ್ಯಾ, ಬೇಡ ಅನ್ನೋಕೆ? ಬಾಯಿ ಇಲ್ವಾ ನಿನಗೆ? ಗೇಟಿನ ತನಕ ಬಂದು ಓಡಿಹೋದೆ!"

ತೊಕುಜಿ ಗಂಟನ್ನು ಕೆಳಗಿಟ್ಟ.

"ನಮ್ಮಲ್ಲಿ ಹಿರಿಯರೇ ಕೇಳಬೇಕು. ನಾನು ಕೇಳಿ, ನೀನು ಬೇಡ ಅಂದ್ರೆ, ಮಾರನೇ ದಿನ ಒಂದೇ ಬೆಂಚಲ್ಲಿ ನಿನಗೆ ಕೆಲಸ ಮಾಡೋಕೆ ಕಷ್ಟ. ಆ 'ಬೇಡ'ವನ್ನ ಮಧ್ಯದವರು ಹೊರ್ತಾರೆ. ನಿನಗೆ ಭಾರ ಆಗಬಾರದು ಅಂತ..."

ಅವಳು ತಲೆ ತಗ್ಗಿಸಿದಳು. ಅವಳು ಹೇಡಿತನ ಎಂದುಕೊಂಡದ್ದು ಮರ್ಯಾದೆಯಾಗಿತ್ತು.

"ನಮ್ಮಲ್ಲಿ ಎದುರಿಗೆ ನಿಂತು ಕೇಳ್ತಾರೆ," ಎಂದಳು ಮೆಲ್ಲಗೆ.

ತೊಕುಜಿ ಅವಳತ್ತ ನೇರವಾಗಿ ತಿರುಗಿದ. ಈ ಸಲ ಕಣ್ಣು ತಗ್ಗಿಸಲಿಲ್ಲ.

"ಒತೀಲಿಯಾ... ನನ್ನನ್ನ ಮದುವೆ ಆಗ್ತೀಯಾ? ನೀನಿಲ್ದೆ ಈ ದ್ವೀಪ ನನ್ನದಾಗಲ್ಲ."

ಅವಳ ಕಣ್ಣು ತುಂಬಿತು. ಆದರೆ ಅವನಿಗೆ ಉತ್ತರ ಕೊಡದೆ ಮುದುಕನತ್ತ ತಿರುಗಿದಳು.

"ತಾತ, ಆ ಹುಡುಗನಿಗೆ ಹೇಳ್ತೀರಾ? ಹುಡುಗಿ ಒಪ್ಪಿದಾಳೆ ಅಂತ."

ಕುರೊದಾ ಬಿದ್ದ ಬೀಜಗಳ ನಡುವೆಯೇ ನೆಟ್ಟಗೆ ನಿಂತು, ಎರಡು ಮಾರು ದೂರದಲ್ಲಿದ್ದ ತೊಕುಜಿಗೆ ತಲೆ ಬಾಗಿಸಿದ.

"ಹುಡುಗಿ ಒಪ್ಪಿದಾಳಪ್ಪ."

"ಕೇಳಿಸ್ತು," ಎಂದ ತೊಕುಜಿ, ಅಳುತ್ತ. "ಅವಳಿಗೆ ಇನ್ನೊಂದ್ಸಲ ಹೇಳೋಕೆ ಹೇಳಿ ತಾತ."

"ಅದನ್ನ ನಾನೇ ಹೇಳ್ತೀನಿ," ಎಂದು ಒತೀಲಿಯಾ ಅವನ ಹತ್ತಿರ ಹೋದಳು.