ಖಾಲಿ ಬಂದ ಮೂವತ್ತಾರು ಫೋಟೊಗಳು

ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಮಹಡಿಯ ಬಾಡಿಗೆ ಹುಡುಗಿ ನೀರು ತೊಟ್ಟಿಕ್ಕುವ ಫಿಲ್ಮೊಂದನ್ನು ಎತ್ತಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರೋ ಹೋಗೇಬಿಟ್ಟರೇನೋ ಎಂದು ಹೆದರಿ ನಾನು ಸೊಪ್ಪು ಬಿಡಿಸುವುದನ್ನು ಬಿಟ್ಟು ಎದ್ದೆ.

"ದೊಡ್ಡಾಂಟಿ, ಖಾಲಿ! ಮೂವತ್ತಾರಕ್ಕೆ ಮೂವತ್ತಾರೂ ಖಾಲಿ. ನಾಳೆ ಹತ್ತು ಗಂಟೆಗೆ ಪ್ರಾಜೆಕ್ಟು ಕೊಡಬೇಕು. ಕೊಡದಿದ್ರೆ ನನ್ನ ವರ್ಷವೇ ಹೋಯ್ತು."

ದೊಡ್ಡಾಂಟಿ ಎಂದರೆ ನನ್ನ ಅತ್ತಿಗೆ. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನು ಕಾಯುವ ಕಚೇರಿಯಲ್ಲಿದ್ದು ನಿವೃತ್ತರಾದವರು. ಕೊಡೆಯ ಹಿಡಿ ನೋಡಿಯೇ ಅದರ ಒಡೆಯ ಎಡಗೈಯವನೋ ಬಲಗೈಯವನೋ ಹೇಳುತ್ತಿದ್ದರು. ಈಗ ಬೀದಿಯಲ್ಲಿ ಏನು ಕಾಣೆಯಾದರೂ ಜನ ನಮ್ಮ ನಡುಮನೆಗೇ ಬರುತ್ತಾರೆ. ಪತ್ತೆ ಹಚ್ಚುವುದು ಅವರ ಕೆಲಸ. ಚಹಾ ಮಾಡುವುದು, ಆಮೇಲೆ ಕಂಡವರಿಗೆಲ್ಲ ಹೇಳಿಕೊಂಡು ಬರುವುದು ನನ್ನ ಕೆಲಸ.

ಹುಡುಗಿ ಫೋಟೊಗ್ರಫಿ ಕಲಿಯುತ್ತಿದ್ದಳು. ಬೀದಿ ಮತ್ತು ಬೀದಿಯ ತಿಂಡಿಯ ಬಗ್ಗೆ ಹನ್ನೆರಡು ಚಿತ್ರ ಕೊಡಬೇಕಿತ್ತು. ಹಳೇ ರೀತಿಯ ಫಿಲ್ಮಿನಲ್ಲಿ ತೆಗೆದು ತಾವೇ ತೊಳೆಯಬೇಕೆಂದು ಅವರ ಮೇಷ್ಟರ ಹಟ. ಹಾಗಾಗಿ ಮಹಡಿಯ ಬಚ್ಚಲುಮನೆ ಕಿಟಕಿಗೆ ಕಪ್ಪು ಬಟ್ಟೆ ಬಿದ್ದು ತಿಂಗಳಾಗಿತ್ತು.

"ದ್ರಾವಣ ಹಿಂದುಮುಂದು ಮಾಡಿ ಸುರಿದುಬಿಟ್ಟೆನೇನೋ," ಎಂದು ಹುಡುಗಿ ಉಗುರು ಕಚ್ಚಿದಳು.

ಅತ್ತಿಗೆ ಫಿಲ್ಮನ್ನು ಕಿಟಕಿಗೆ ಹಿಡಿದರು. "ಅಂಚಿನಲ್ಲಿ ಈ ಅಂಕಿ ಬರೆದೋರು ಯಾರು?"

"ಅದು ಫ್ಯಾಕ್ಟರಿಯಲ್ಲೇ ಅಚ್ಚಾಗಿರುತ್ತೆ ಆಂಟಿ. ತೊಳೆದಾಗ ಮೂಡುತ್ತೆ."

"ಅಂಕಿ ಮೂಡಿದೆ ಅಂದ್ಮೇಲೆ ನೀನು ತೊಳೆದದ್ದು ಸರಿಯಾಗೇ ಇದೆ. ಈ ಫಿಲ್ಮು ಕ್ಯಾಮೆರಾನೇ ಕಂಡಿಲ್ಲ ಕಣೇ."

"ಇಲ್ಲ ಆಂಟಿ! ವಾಪಸ್ ಸುತ್ತುವಾಗ ಬಿಗಿ ಸಿಕ್ಕಿತ್ತು ಕೈಗೆ, ಅಂದ್ರೆ ಫಿಲ್ಮು ಒಳಗೆ ಓಡಿತ್ತು. ನಾನು ತೆಗೆದದ್ದು ನಿಜ."

"ತೆಗೆದದ್ದು ನಿಜ. ತೊಳೆದದ್ದು ಬೇರೆಯದು. ನಿನ್ನೆ ಏನೇನಾಯ್ತು ಹೇಳು."

ನಿನ್ನೆ ಸಂಜೆ ಮೊಟ್ಟೆ ಗಾಡಿಯ ಅಕ್ಕನ ಹತ್ತಿರ ಪ್ರಾಜೆಕ್ಟಿನ ಕೊನೆಯ ರೋಲು ಮುಗಿಸಿದ್ದಳು. "ಆ ಅಕ್ಕ ಎಷ್ಟು ಒಳ್ಳೆಯವರು ಗೊತ್ತಾ? ಬ್ಯಾಗು ಒಲೆ ಪಕ್ಕ ಇಟ್ಟಿದ್ದೆ. ಅಲ್ಲಿಡಬೇಡ ಮಗಳೇ, ರೋಲು ಬಿಸಿ ತಡೆಯಲ್ಲ ಅಂತ ಅವರೇ ತೆಗೆದು ಸ್ಟೂಲ್ ಮೇಲಿಟ್ರು. ಫೋಟೊ ಬೇಡ ಬೇಡ ಅಂತ ಮುಖಕ್ಕೆ ಕೈ ಅಡ್ಡ ಹಿಡೀತಿದ್ರು, ನಾಚಿಕೆ. ಅದೇ ಎಲ್ಲಕ್ಕಿಂತ ಚೆನ್ನಾಗಿ ಬರೋದಿತ್ತು! ದೊಡ್ಡ ಹಾಲಲ್ಲಿ ತೂಗುಹಾಕ್ತಾರೆ, ಪೇಪರಲ್ಲೂ ಬರುತ್ತೆ ಅಕ್ಕ ಅಂದೆ." ಆಮೇಲೆ ಆಮ್ಲೆಟ್ ತಿಂದು, ನಲ್ಲಿಗೆ ಹೋಗಿ ಕೈ ತೊಳೆದು, ಬ್ಯಾಗು ಎತ್ತಿಕೊಂಡು ಬಂದಿದ್ದಳು. ರಾತ್ರಿಯೆಲ್ಲ ಬ್ಯಾಗು ಕೋಣೆಯಲ್ಲೇ ಇತ್ತು.

"ಕೋಣೆಯಲ್ಲಿ ಇನ್ಯಾರಿದ್ರು?"

ಹುಡುಗಿ ತಲೆ ತಗ್ಗಿಸಿದಳು. ಇದ್ದವಳು ಒಬ್ಬಳೇ: ಜೊತೆಗೆ ಓದುವ, ಜೊತೆಗೇ ಇರುವ ಗೆಳತಿ. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದ ಅವಳನ್ನು ನಾವೆಲ್ಲ 'ಕನ್ನಡಕ' ಎಂದೇ ಕರೆಯುತ್ತಿದ್ದೆವು. ಅದೇ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ನನ್ನನ್ನ ಕಳ್ಳಿ ಅಂತೀಯೇನೇ? ಎರಡು ವರ್ಷ ನೀನು ಸೀಯಿಸಿದ ಅನ್ನ ಬಾಯಿಮುಚ್ಕೊಂಡು ತಿಂದಿದೀನಲ್ಲ, ಅದಕ್ಕಾ?"

"ನಾನೇನೂ ಅನ್ನಲಿಲ್ಲವಲ್ಲೇ!"

"ಅನ್ನದೇ ಇದ್ದದ್ದೇ ಕೇಳಿಸ್ತು ಬಿಡು."

ನಾನು ಇಬ್ಬರ ನಡುವೆ ಹೋಗಿ ನಿಂತೆ. ಅತ್ತಿಗೆ ಮಾತ್ರ ಬ್ಯಾಗನ್ನು ತರಿಸಿ ಮೇಜಿನ ಮೇಲೆ ಸುರುವಿದರು. ಹೊಸ ರೋಲಿನ ಪ್ಲಾಸ್ಟಿಕ್ ಡಬ್ಬಿಯೊಂದು ಉರುಳಿತು. ಇದೊಂದು ಉಳಿದಿದೆ ಎಂದಳು ಹುಡುಗಿ. ಅತ್ತಿಗೆ ಮುಚ್ಚಳ ತೆಗೆದರು. ಒಳಗೆ ಏನೂ ಇರಲಿಲ್ಲ. ಆಮೇಲೆ ತೊಳೆದ ಫಿಲ್ಮಿನ ಖಾಲಿ ಉರುಳೆಯನ್ನೂ ತರಿಸಿದರು. ಅದರ ತಗಡು ಸೊಟ್ಟಗಾಗಿತ್ತು.

"ಇದೇನು?"

"ಕತ್ತಲಲ್ಲಿ ಬಾಟಲಿ ಓಪನರಿಂದ ಕಿತ್ತೆ. ಫಿಲ್ಮಿನ ತುದಿ ಪೂರ್ತಿ ಒಳಗೆ ಹೋಗಿತ್ತು. ಯಾವಾಗ್ಲೂ ತುದಿ ಹೊರಗೆ ಬಿಟ್ಟು, ಮುಗಿದದ್ದು ಅನ್ನೋ ಗುರುತಿಗೆ ಮೂಲೆ ಮಡಚ್ತೀವಿ, ಮೇಷ್ಟ್ರು ಎಲ್ಲರಿಗೂ ಕಲಿಸಿದ್ದೇ ಹಾಗೆ. ನಿನ್ನೆ ಅವಸರದಲ್ಲಿ ಮರೆತೆ ಅಂದ್ಕೊಂಡೆ."

ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿದರು. "ಆ ಅಕ್ಕನಿಗೆ ಹೇಳಿ ಬರ್ತೀನಿ. ಆರು ಗಂಟೆಗೆ ಐದು ಆಮ್ಲೆಟ್."

"ಈ ಸಂಕಟದಲ್ಲಿ ಆಮ್ಲೆಟ್ಟಾ ಅತ್ತಿಗೆ?"

"ನಿನಗೆ ಬೇಡದಿದ್ರೆ ನಾಲ್ಕು."

ಆರಕ್ಕೆ ಸರಿಯಾಗಿ ಗಾಡಿಯ ಅಕ್ಕ ಪೊಟ್ಟಣ ಹಿಡಿದು ಬಂದರು. ಅತ್ತಿಗೆ ಬಾಗಿಲು ಹಾಕಿ, ಅವರನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಹುಡುಗಿ ಕಾಲು ಕುಣಿಸುತ್ತಲೇ ಇದ್ದಳು.

"ಖಾಲಿ ಬಂದ ಫಿಲ್ಮು ಇವಳದೇ ಹೊಸ ರೋಲು," ಎಂದು ಅತ್ತಿಗೆ ಶುರು ಮಾಡಿದರು. "ಡಬ್ಬಿ ಖಾಲಿ ಇತ್ತಲ್ಲ. ಯಾರೋ ಅದನ್ನ ತೆಗೆದು, ಮುಗಿದ ರೋಲಿನ ಜಾಗದಲ್ಲಿಟ್ರು. ಹಾಳು ಮಾಡೋ ಉದ್ದೇಶ ಇದ್ದಿದ್ರೆ ಬೆಳಕಲ್ಲಿ ಎಳೆದು ಬಿಸಾಕಿದ್ರೆ ಸಾಕಿತ್ತು. ತೆಗೆದವರಿಗೆ ಚಿತ್ರ ಬೇಡ, ಆದ್ರೆ ಫಿಲ್ಮು ಹಾಳು ಮಾಡೋಕೆ ಕೈ ಬರಲಿಲ್ಲ. ಇನ್ನೊಂದು. ಹೊಸ ರೋಲು ಮುಗಿದದ್ದರ ಹಾಗೆ ಕಾಣ್ಲಿ ಅಂತ ತುದಿ ಪೂರ್ತಿ ಒಳಗೆ ಸುತ್ತಿದ್ರು. ಕನ್ನಡಕ ಆಗಿದ್ರೆ ತುದಿ ಬಿಟ್ಟು ಮೂಲೆ ಮಡಚ್ತಿದ್ಲು."

"ಇನ್ನೇನು ಮತ್ತೆ!" ಎಂದಳು ಕನ್ನಡಕ.

"ಪೂರ್ತಿ ಸುತ್ತೋದು ಬೇರೆ ಕಡೆಯ ಪದ್ಧತಿ. ಊರಿನವರ ರೋಲೆಲ್ಲ ಒಂದೇ ಬುಟ್ಟಿಗೆ ಬೀಳೋ ಕಡೆ, ಮುಗಿದದ್ದನ್ನ ಹೊಸದು ಅಂತ ಯಾರೂ ತಪ್ಪಿ ಕ್ಯಾಮೆರಾಗೆ ಹಾಕ್ಬಾರದಲ್ಲ? ಅದು ಫೋಟೊ ತೊಳೆಯೋ ಲ್ಯಾಬು. ರೋಲು ಬಿಸಿ ತಡೆಯಲ್ಲ ಅಂತ ಮೊಟ್ಟೆ ಮಾರೋರಿಗೆ ಹೇಗೆ ಗೊತ್ತಮ್ಮ?" ಅತ್ತಿಗೆಯ ದನಿ ತೀರಾ ಮೆತ್ತಗಿತ್ತು. "ಎಷ್ಟು ವರ್ಷ ಇದ್ರಿ ಲ್ಯಾಬಲ್ಲಿ?"

ಅಕ್ಕ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಆರು."

"ಅಕ್ಕ, ನೀವಾ?" ಹುಡುಗಿ ಎದ್ದು ನಿಂತಳು. "ನನ್ನ ವರ್ಷ ಅದು!"

"ನನ್ನ ಮಗಳ ಜೀವ ಇದು," ಎಂದರು ಅಕ್ಕ. "ಅವಳಪ್ಪನಿಂದ ತಪ್ಪಿಸ್ಕೊಂಡು ಮೂರು ಊರು ಬದಲಾಯಿಸಿದೀನಿ. ಅವನು ಹುಡುಕೋದು ಬಿಟ್ಟಿಲ್ಲ. ನೀನು ಪೇಪರಲ್ಲಿ ಬರುತ್ತೆ ಅಂದೆ. ನಾನು ಬೇಡ ಅಂದೆನಲ್ಲ ಮಗಳೇ. ಎಷ್ಟು ಸಲ ಅಂದೆ?"

ಹುಡುಗಿ ಮತ್ತೆ ಕೂತಳು.

ಅಕ್ಕ ಸೆರಗಿನ ಗಂಟು ಬಿಚ್ಚಿ ರೋಲನ್ನು ಮೇಜಿನ ಮೇಲಿಟ್ಟರು. "ನೀನು ನಲ್ಲಿಗೆ ಹೋದಾಗ ಬದಲಾಯಿಸಿದೆ. ರಾತ್ರಿ ತಣ್ಣೀರಿನ ಕೊಡದ ಮಗ್ಗುಲಲ್ಲೇ ಇಟ್ಟಿದ್ದೆ. ಬಿಸಾಕೋಕೆ ಆಗ್ಲಿಲ್ಲ."

"ನೀವೇ ತೊಳೀರಿ ಅಕ್ಕ," ಎಂದಳು ಹುಡುಗಿ. "ಬೇಡದ್ದು ಯಾವುದು ಅಂತ ನೀವೇ ಹೇಳಿ."

ಇಬ್ಬರೂ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ನನಗೆ ಒಂದೊಂದು ನಿಮಿಷವೂ ಒಂದು ದಿನ. ಅಷ್ಟು ಹೊತ್ತೂ ಚಿತ್ರ ಮೂಡದೇ ಹೋದರೆ ಹುಡುಗಿಯ ವರ್ಷ, ಮೂಡಿದರೆ ಅಕ್ಕನ ಮುಖ ಎಂದು ಎರಡೂ ಕಡೆಯ ಭಯ. ಕೊನೆಗೆ ಫಿಲ್ಮು ಬಟ್ಟೆ ಹಗ್ಗಕ್ಕೆ ಬಂತು. ಮೂವತ್ತಾರೂ ಇದ್ದವು. ಅಕ್ಕ ಬೆರಳಿಟ್ಟಲ್ಲಿ ಹುಡುಗಿ ಕತ್ತರಿ ಹಾಕುತ್ತಾ ಹೋದಳು. ಕೈ ಅಡ್ಡ ಹಿಡಿದ ಆ ಚಿತ್ರ ಬಂದಾಗ ಅಕ್ಕನ ಬೆರಳು ತಡೆದು ನಿಂತಿತು; ಮುಖ ಅರ್ಧವೇ ಕಾಣುತ್ತಿತ್ತು. ಹುಡುಗಿ ಕೇಳಲಿಲ್ಲ. ಅದನ್ನೂ ಕತ್ತರಿಸಿ ಅಕ್ಕನ ಅಂಗೈಗೆ ಹಾಕಿದಳು.

ಹಳೆಯ ರೋಲುಗಳದೂ ಸೇರಿ ಕೊಡಲಾಗುವಂಥವು ಹನ್ನೊಂದು ಉಳಿದವು.

"ಒಂದು ಕಮ್ಮಿ," ಎಂದಳು ಹುಡುಗಿ. "ರೋಲೂ ಇಲ್ಲ."

"ನನ್ನ ಹತ್ರ ಇದೆ," ಎಂದಳು ಕನ್ನಡಕ. "ಕದ್ದದ್ದಲ್ಲ, ಬೇಕಾದ್ರೆ ದೊಡ್ಡಾಂಟಿ ಹತ್ರ ಪರೀಕ್ಷೆ ಮಾಡಿಸ್ಕೋ."

"ಕ್ಷಮಿಸೇ."

"ಆಮೇಲೆ ಕ್ಷಮಿಸ್ತೀನಿ. ಮೊದಲು ಆಮ್ಲೆಟ್ ತಿನ್ನು, ಆರಿಹೋಯ್ತು."

ಅಕ್ಕ ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ತಿರುಗಿದರು. "ಬೆಳಿಗ್ಗೆ ಆರಕ್ಕೆ ಒಲೆ ಹಚ್ತೀನಿ, ಬಂದು ಆ ಒಂದನ್ನ ತೆಗಿ. ಹತ್ತರೊಳಗೆ ತೊಳೆದು ಒಣಗಿಸಬಹುದು, ನಾನೂ ಕೈ ಹಾಕ್ತೀನಿ. ಆದ್ರೆ ನೀನು ಎಲ್ಲಿ ನಿಂತ್ಕೋಬೇಕು ಅಂತ ನಾನು ಹೇಳ್ತೀನಿ."

"ಹೇಳಿ ಅಕ್ಕ," ಎಂದಳು ಹುಡುಗಿ. "ಅಲ್ಲೇ ನಿಲ್ತೀನಿ."